ಓದುಗರ ಪ್ರಶ್ನೆ, ನಮ್ಮ ಉತ್ತರ: ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರಿಗೆ

ಮಾರ್ಚ್ ಮುಗಿಯುತ್ತ ಬಂದಂತೆ ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳಗಳನ್ನು ತೂಗಿ ತೂಗಿ ಸೂಟ್‌ಕೇಸಿಗೆ ತುಂಬುವ ಕೆಲಸ ಆರಂಭವಾಗುತ್ತದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಗನ ಅಥವಾ ಮಗಳ ಮನೆಗೆ ಹೊರಟಿರುವ ತಂದೆತಾಯಿಯರದೇ. ಮಕ್ಕಳಿಗೆ ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ. ಆ ಎರಡು ದಿನಗಳಲ್ಲಿ ಒಂದು ನಗರವನ್ನೇ ನೋಡಿ ಮುಗಿಸುವ ಆತುರದಲ್ಲಿ ಹಿರಿಯರು ಬಳಲುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಎಲ್ಲ ಪ್ರಶ್ನೆಗಳಿಗೂ ಒಂದೇ ನಿಲುವಿನಿಂದ ಉತ್ತರಿಸಿದ್ದೇನೆ: ಒಂದು ನಗರದಲ್ಲಿ ಮುಂಗಡ ಟಿಕೆಟ್ ಬೇಕಾದ ಸ್ಥಳ ಒಂದೇ ಒಂದು ಇರಲಿ, ಉಳಿದ ಹೊತ್ತು ನಿಮ್ಮ ಕಾಲು ಹೇಳಿದಂತೆ ನಡೆಯಲಿ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ನಮ್ಮ ಯಜಮಾನರಿಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕಿರೀಟದವರೆಗೆ ಹತ್ತಬಹುದು, ಟಿಕೆಟ್ ತೆಗೆಯಲೇ ಎಂದು ಮಗ ಕೇಳುತ್ತಿದ್ದಾನೆ. ಏನು ಹೇಳಲಿ?
– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ಕಿರೀಟದ ಟಿಕೆಟ್ ಬೇಡವೆಂದು ಹೇಳಿ. ಪೀಠದ ಮೇಲ್ಭಾಗದಿಂದ ಕಿರೀಟಕ್ಕೆ 162 ಮೆಟ್ಟಿಲುಗಳಿದ್ದು, ಆ ಭಾಗಕ್ಕೆ ಪ್ರವಾಸಿಗರಿಗಾಗಿ ಲಿಫ್ಟ್ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಈ ಲೆಕ್ಕ ಅಲ್ಪವೆನಿಸಬಹುದು. ಆದರೆ ಬೆಟ್ಟದಲ್ಲಿ ಸುಸ್ತಾದರೆ ಮೆಟ್ಟಿಲ ಬದಿಯಲ್ಲಿ ಕುಳಿತು, ನಂದಿಯ ಬಳಿ ದಣಿವಾರಿಸಿಕೊಂಡು, ಬೇಡವೆನಿಸಿದರೆ ರಸ್ತೆಗೆ ಬಂದು ಬಸ್ಸು ಹಿಡಿಯಬಹುದು. ಇಲ್ಲಿಯದು ತಾಮ್ರದ ಗೂಡಿನೊಳಗೆ ಸುತ್ತಿಕೊಂಡು ಏರುವ ಇಕ್ಕಟ್ಟಾದ ಮೆಟ್ಟಿಲು. ಪೀಠದವರೆಗಿನ ಟಿಕೆಟ್ ತೆಗೆದುಕೊಂಡರೆ ಅಲ್ಲಿಗೆ ಲಿಫ್ಟ್ ಇದೆ, ಬಂದರಿನ ನೋಟವೂ ಚೆನ್ನಾಗಿ ಕಾಣುತ್ತದೆ. ಅದೂ ಸಿಗದಿದ್ದರೆ ದ್ವೀಪಕ್ಕೆ ಹೋಗಿಬರುವ ಸಾಮಾನ್ಯ ಟಿಕೆಟ್ಟೇ ಸಾಕು. 2019ರಲ್ಲಿ ತೆರೆದ ವಸ್ತುಸಂಗ್ರಹಾಲಯ ಅದರಲ್ಲೇ ಸೇರಿದೆ. 1886ರಲ್ಲಿ ಪ್ರತಿಮೆ ಲೋಕಾರ್ಪಣೆಯಾದಾಗ ಅದರ ಕೈಯಲ್ಲಿದ್ದ ಮೂಲ ಪಂಜನ್ನು ಅಲ್ಲಿ ಕಣ್ಣಳತೆಯಲ್ಲಿ ನಿಂತು ನೋಡಬಹುದು.

ನಿಮ್ಮ ಮಗ ನ್ಯೂಜೆರ್ಸಿಯಲ್ಲಿರುವುದು ಒಂದು ಅನುಕೂಲ. ದೋಣಿ ಮ್ಯಾನ್‌ಹಟನ್ನಿನ ಬ್ಯಾಟರಿ ಪಾರ್ಕಿನಿಂದ ಮಾತ್ರವಲ್ಲದೆ, ನ್ಯೂಜೆರ್ಸಿಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದಲೂ ಹೊರಡುತ್ತದೆ. ಅಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಸಾಲೂ ಸಾಮಾನ್ಯವಾಗಿ ಚಿಕ್ಕದು. ಎರಡೂ ಕಡೆ ವಿಮಾನ ನಿಲ್ದಾಣದಂತೆಯೇ ತಪಾಸಣೆ ಇರುವುದರಿಂದ ಬೆಳಗಿನ ಮೊದಲ ದೋಣಿಗೇ ಹೋಗಿ. ಟಿಕೆಟ್ಟನ್ನು ಅಧಿಕೃತ ದೋಣಿ ಸಂಸ್ಥೆಯಾದ ಸ್ಟ್ಯಾಚ್ಯೂ ಸಿಟಿ ಕ್ರೂಸಸ್‌ನ ಜಾಲತಾಣದಲ್ಲೇ ಕೊಳ್ಳಬೇಕು. ನಾನು ಮೊದಲ ಸಲ ಹೋದಾಗ ಬ್ಯಾಟರಿ ಪಾರ್ಕಿನ ಬೀದಿಯಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಒಬ್ಬರ ಮಾತು ನಂಬಿ ಹೆಚ್ಚು ಹಣ ತೆತ್ತೆ. ಆ ದೋಣಿ ದ್ವೀಪದಲ್ಲಿ ನಿಲ್ಲಲೇ ಇಲ್ಲ, ದೂರದಿಂದ ಒಂದು ಸುತ್ತು ಹಾಕಿಸಿ ಕರೆತಂದಿತು. ದೂರದಿಂದ ನೋಡಿದರೆ ಸಾಕೆನ್ನುವವರಿಗೆ ಸ್ಟೇಟನ್ ಐಲೆಂಡ್ ಫೆರಿ ಇದೆ. ಸುಮಾರು 25 ನಿಮಿಷದ ಪ್ರಯಾಣ, ಟಿಕೆಟ್ಟೇ ಇಲ್ಲ, ಹಗಲುರಾತ್ರಿ ಓಡಾಡುತ್ತದೆ.

ದ್ವೀಪದ ಟಿಕೆಟ್ಟಿನಲ್ಲೇ ಎಲ್ಲಿಸ್ ದ್ವೀಪವೂ ಸೇರಿದೆ, ದಯವಿಟ್ಟು ಅದನ್ನು ಬಿಡಬೇಡಿ. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ವಲಸಿಗರು ಆ ಕಟ್ಟಡದ ಮೂಲಕ ದೇಶದೊಳಗೆ ಬಂದರು. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ನಮ್ಮಂಥವರಿಗೆ ಅಲ್ಲಿನ ದೊಡ್ಡ ಹಜಾರದಲ್ಲಿ ಕುಳಿತಾಗ ಆಗುವ ಅನುಭವವೇ ಬೇರೆ. ಯಜಮಾನರಿಗೆ ಕೂರಲು ಬೆಂಚುಗಳೂ ಇವೆ.

ಪ್ರಶ್ನೆ: ಮಗಳು ಬಫಲೋ ನಗರದಲ್ಲಿದ್ದಾಳೆ. ನಯಾಗರ ತೋರಿಸುತ್ತೇನೆ ಎನ್ನುತ್ತಾಳೆ. ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡುತ್ತಲೇ ಬೆಳೆದ ನಮಗೆ ಅಲ್ಲಿ ಹೊಸದೇನಿದೆ? ಕೆನಡಾದ ಕಡೆಯಿಂದ ನೋಡಿದರೆ ಮಾತ್ರ ಚೆಂದವಂತೆ, ನಿಜವೇ?
– ಕೃಷಿಕರು, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಎತ್ತರದಲ್ಲಿ ನಿಮ್ಮ ಗಗನಚುಕ್ಕಿಯೇ ಮೇಲು. ನಯಾಗರದ ದೊಡ್ಡ ಧಾರೆಯಾದ ಹಾರ್ಸ್‌ಶೂ ಜಲಪಾತ ಬೀಳುವುದು ಸುಮಾರು 57 ಮೀಟರ್ ಮಾತ್ರ. ಅಲ್ಲಿ ನೋಡಬೇಕಾದದ್ದು ನೀರಿನ ರಾಶಿ. ಕನ್ನಂಬಾಡಿ ಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ ನೀರು ಬಿಟ್ಟರೆಂದರೆ ಶ್ರೀರಂಗಪಟ್ಟಣದ ನದಿದಂಡೆಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ನಯಾಗರದಲ್ಲಿ ಪ್ರವಾಸಿಗರ ಕಾಲದ ಹಗಲು ಹೊತ್ತಿನಲ್ಲಿ ದಿನವೂ ಬೀಳುವ ನೀರಿನ ಕನಿಷ್ಠ ಪ್ರಮಾಣವೇ ಅಷ್ಟು. ಅಮೆರಿಕ, ಕೆನಡಾಗಳು 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಗಲಲ್ಲಿ ಕನಿಷ್ಠ ಒಂದು ಲಕ್ಷ ಕ್ಯೂಸೆಕ್, ಉಳಿದ ತಿಂಗಳುಗಳಲ್ಲಿ ಮತ್ತು ತಡರಾತ್ರಿಯಲ್ಲಿ ಕನಿಷ್ಠ ಐವತ್ತು ಸಾವಿರ ಕ್ಯೂಸೆಕ್ ನೀರು ಜಲಪಾತದ ಮೇಲೆ ಹರಿಯಬೇಕು. ಮಿಕ್ಕದ್ದನ್ನು ವಿದ್ಯುತ್ತಿಗೆ ತಿರುಗಿಸಿಕೊಳ್ಳಬಹುದು. ಆದಕಾರಣ ರಾತ್ರಿಯ ಬಣ್ಣದ ದೀಪಗಳನ್ನು ನೋಡುವುದಿದ್ದರೂ ಹಗಲಿನ ನೋಟವನ್ನು ತಪ್ಪಿಸಿಕೊಳ್ಳಬೇಡಿ.

ಕೆನಡಾದ ಕಡೆಯಿಂದ ಇಡೀ ಜಲಪಾತ ಎದುರಿಗೆ ನಿಂತಂತೆ ಕಾಣುವುದು ನಿಜ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾದ ವೀಸಾ ಪ್ರತ್ಯೇಕವಾಗಿ ಬೇಕು. ಅದಿಲ್ಲದೆ ಸೇತುವೆಯತ್ತ ಹೆಜ್ಜೆ ಇಡಬೇಡಿ. ಅಮೆರಿಕದ ಕಡೆಯಲ್ಲಿ ನೀರಿನ ಬಗಲಿಗೇ ಹೋಗಿ ನಿಲ್ಲಬಹುದು, ನನಗಂತೂ ಇದೇ ಹೆಚ್ಚು ಇಷ್ಟ. ಉದ್ಯಾನದ ಪ್ರವೇಶಕ್ಕೆ ಶುಲ್ಕವಿಲ್ಲ, ಕಾರು ನಿಲ್ಲಿಸಲು ಹಣ ಕೊಡಬೇಕು. ಗೋಟ್ ಐಲೆಂಡಿನ ಟೆರಪಿನ್ ಪಾಯಿಂಟಿನಲ್ಲಿ ನಿಂತರೆ ಹಾರ್ಸ್‌ಶೂ ಧಾರೆ ಅಂಚಿನಿಂದ ಉರುಳುವುದು ಪಕ್ಕದಲ್ಲೇ ಕಾಣುತ್ತದೆ. ‘ಮೇಡ್ ಆಫ್ ದ ಮಿಸ್ಟ್’ ದೋಣಿಗೆ ಲಿಫ್ಟಿನಲ್ಲಿ ಇಳಿದು ಹೋಗಬಹುದು. ಮಳೆಯಂಗಿ ಕೊಡುತ್ತಾರೆ, ಆದರೂ ಪ್ಯಾಂಟು, ಚಪ್ಪಲಿ ನೆನೆಯುತ್ತವೆ. ಸೀರೆ ಉಡುವವರು ಅಂದು ಚೂಡಿದಾರ ತೊಟ್ಟರೆ ಒಳ್ಳೆಯದು. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ.

ಗೋಟ್ ಐಲೆಂಡಿನಲ್ಲಿ ನಿಕೋಲಾ ಟೆಸ್ಲಾ ಅವರ ಪ್ರತಿಮೆಯೂ ಇದೆ. 1896ರಲ್ಲಿ ನಯಾಗರದ ವಿದ್ಯುತ್ತನ್ನು ಬಫಲೋ ನಗರಕ್ಕೆ ಕಳುಹಿಸಿದ್ದು ಅವರು ರೂಪಿಸಿದ ಪರ್ಯಾಯ ವಿದ್ಯುತ್ ವ್ಯವಸ್ಥೆಯಿಂದ. ಆರೇ ವರ್ಷಗಳ ನಂತರ, 1902ರಲ್ಲಿ, ನಿಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಬಫಲೋಗೆ ಹಾಕಿದ ತಂತಿ ಸುಮಾರು 40 ಕಿಲೋಮೀಟರ್, ಕೋಲಾರಕ್ಕೆ ಹಾಕಿದ್ದು 140ಕ್ಕೂ ಹೆಚ್ಚು. ಆ ಪ್ರತಿಮೆಯ ಎದುರು ನಿಂತಾಗ ಇದನ್ನು ಮೊಮ್ಮಕ್ಕಳಿಗೆ ಅವಶ್ಯವಾಗಿ ಹೇಳಿ.

ಪ್ರಶ್ನೆ: ವಾಷಿಂಗ್ಟನ್ನಿನಲ್ಲಿ ನಮಗೆ ಸಿಗುವುದು ಒಂದೇ ದಿನ. ಹತ್ತಾರು ವಸ್ತುಸಂಗ್ರಹಾಲಯಗಳಿವೆಯಂತೆ. ಯಾವುದನ್ನು ಆರಿಸಲಿ?
– ಕುವೆಂಪುನಗರ, ಮೈಸೂರು

ಉತ್ತರ: ಒಂದನ್ನು ಆರಿಸಿ, ಹೆಚ್ಚೆಂದರೆ ಎರಡನ್ನು. ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಗಳಿಗೆ ಅಲ್ಲಿ ಪ್ರವೇಶ ಶುಲ್ಕವಿಲ್ಲದ ಕಾರಣ ಎಲ್ಲದರೊಳಗೂ ಹೊಕ್ಕು ಬರುವ ಆಸೆಯಾಗುತ್ತದೆ. ಮೂರನೆಯದರ ಹೊತ್ತಿಗೆ ಕಣ್ಣು ನೋಡಿದ್ದು ಮನಸ್ಸಿಗೆ ಇಳಿಯುವುದಿಲ್ಲ. ಸಂಸತ್ ಭವನದಿಂದ ಲಿಂಕನ್ ಸ್ಮಾರಕದವರೆಗಿನ ನ್ಯಾಷನಲ್ ಮಾಲ್ ಎಂಬ ಬಯಲು ಸುಮಾರು 3 ಕಿಲೋಮೀಟರ್ ಉದ್ದವಿದೆ. ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವ ದಾರಿಯ ಅರ್ಧಕ್ಕಿಂತ ಹೆಚ್ಚು ನಡೆಯಬೇಕೆಂದು ಲೆಕ್ಕವಿಟ್ಟುಕೊಳ್ಳಿ. ನೈಸರ್ಗಿಕ ಇತಿಹಾಸದ ಸಂಗ್ರಹಾಲಯದಲ್ಲಿ ಹೋಪ್ ವಜ್ರವಿದೆ: 45.52 ಕ್ಯಾರೆಟ್ಟಿನ, ಕಡುನೀಲಿ ಬಣ್ಣದ ಆ ಹರಳು ಗೋಲ್ಕೊಂಡ ಸೀಮೆಯ ಗಣಿಯಿಂದ ಹೋದದ್ದು. ವಿಮಾನ ಮತ್ತು ಬಾಹ್ಯಾಕಾಶದ ಸಂಗ್ರಹಾಲಯದಲ್ಲಿ ರೈಟ್ ಸಹೋದರರು 1903ರಲ್ಲಿ ಹಾರಿಸಿದ ಮೂಲ ವಿಮಾನವೇ ಇದೆ. ಬೇಡಿಕೆ ಹೆಚ್ಚಿರುವ ಕೆಲವು ಕಡೆ ಪ್ರವೇಶ ಉಚಿತವಾದರೂ ಸಮಯ ಗೊತ್ತುಪಡಿಸಿದ ಪಾಸನ್ನು ಜಾಲತಾಣದಲ್ಲಿ ಮೊದಲೇ ಪಡೆಯಬೇಕಾಗುತ್ತದೆ. ಹೊರಡುವ ಮುನ್ನ ಮಕ್ಕಳಿಂದ ನೋಡಿಸಿಕೊಳ್ಳಿ. ನಡೆಯಲು ಕಷ್ಟವಾದವರಿಗೆ ಈ ಸಂಗ್ರಹಾಲಯಗಳಲ್ಲಿ ಗಾಲಿಕುರ್ಚಿಯನ್ನು ಉಚಿತವಾಗಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಲಿಂಕನ್ ಸ್ಮಾರಕ ಹಗಲುರಾತ್ರಿ ತೆರೆದಿರುವುದರಿಂದ ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಮಾರ್ಟಿನ್ ಲೂಥರ್ ಕಿಂಗ್ ಅವರು 1963ರ ಆಗಸ್ಟ್ 28ರಂದು ನಿಂತು ಮಾತನಾಡಿದ ಜಾಗವನ್ನು ಅದರ ಮೆಟ್ಟಿಲಿನ ಮೇಲೆ ಕೆತ್ತಿ ಗುರುತಿಸಿದ್ದಾರೆ.

ಪ್ರಶ್ನೆ: ವಿವೇಕಾನಂದರು ಭಾಷಣ ಮಾಡಿದ ಸ್ಥಳವನ್ನು ಷಿಕಾಗೋದಲ್ಲಿ ನೋಡಲು ಸಾಧ್ಯವೇ?
– ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಸಾಧ್ಯ. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಆರಂಭವಾದ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೋ. ಅಂದಿನ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದರಿಂದ ಅದು ಈಗಿಲ್ಲ, ಆದರೆ ಕಟ್ಟಡ ಅದೇ. ಅದರ ಮುಂದಿನ ಮಿಷಿಗನ್ ಅವೆನ್ಯೂವಿನ ಒಂದು ಭಾಗಕ್ಕೆ ಗೌರವಾರ್ಥವಾಗಿ ಸ್ವಾಮೀಜಿಯ ಹೆಸರಿಟ್ಟಿದ್ದಾರೆ. ಅಮೆರಿಕಕ್ಕೆ ಹೊರಡುವ ಹಿಂದಿನ ವರ್ಷ ಅವರು ಮೈಸೂರಿಗೆ ಬಂದು, ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಚಾಮರಾಜೇಂದ್ರ ಒಡೆಯರ ಆತಿಥ್ಯ ಪಡೆದದ್ದನ್ನು ಬಲ್ಲ ನಮ್ಮ ಕಡೆಯವರಿಗೆ ಆ ಬೀದಿ ಪರದೇಶದ್ದೆನಿಸುವುದಿಲ್ಲ. ಸಂಗ್ರಹಾಲಯಕ್ಕೆ ವಾರದಲ್ಲಿ ರಜಾದಿನಗಳಿರುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಬೆನ್ನಿನ ಚೀಲವನ್ನು ಒಳಗೆ ಬಿಡುವುದಿಲ್ಲ, ಕೈಚೀಲವಷ್ಟೇ ಇರಲಿ. ಅಲ್ಲಿಂದ ಕೂಗಳತೆಯ ದೂರದಲ್ಲೇ ಮಿಲೆನಿಯಮ್ ಪಾರ್ಕಿದೆ. ಮುಂಬಯಿಯಲ್ಲಿ ಹುಟ್ಟಿದ ಅನೀಷ್ ಕಪೂರ್ ಅವರು ರಚಿಸಿದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ಬೃಹತ್ ಶಿಲ್ಪವನ್ನು ಅಲ್ಲಿ ಶುಲ್ಕವಿಲ್ಲದೆ ನೋಡಬಹುದು.

ಪ್ರಶ್ನೆ: ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದೇವೆ. ಬೇಸಿಗೆಯಾದ್ದರಿಂದ ಸ್ವೆಟರ್ ಬೇಡವೆಂದು ತೆಗೆದಿಟ್ಟಿದ್ದೇನೆ. ಗೋಲ್ಡನ್ ಗೇಟ್ ಸೇತುವೆಯ ಮೇಲೆ ನಡೆಯಲು ಬಿಡುತ್ತಾರೆಯೇ?
– ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಸ್ವೆಟರನ್ನು ಮತ್ತೆ ಒಳಗಿಡಿ. ಒಳನಾಡಿನ ಕಣಿವೆ ಬೇಸಿಗೆಯಲ್ಲಿ ಕಾದು, ತಣ್ಣನೆಯ ಸಮುದ್ರದ ಗಾಳಿಯನ್ನು ಸೆಳೆದುಕೊಳ್ಳುವುದರಿಂದ ಜುಲೈ, ಆಗಸ್ಟ್‌ನಲ್ಲೇ ಆ ಊರಿಗೆ ದಟ್ಟ ಮಂಜು ಕವಿಯುತ್ತದೆ. ಅಲ್ಲಿ ಹದವಾದ ಬಿಸಿಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 1937ರಲ್ಲಿ ತೆರೆದ ಆ ಸೇತುವೆಯ ಮೇಲೆ ಹಗಲಿನಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನಡೆಯಬಹುದು. ಪೂರ್ತಿ ಉದ್ದ ಸುಮಾರು 2.7 ಕಿಲೋಮೀಟರ್, ಗಾಳಿ ಜೋರು, ಆದುದರಿಂದ ಮೊದಲ ಗೋಪುರದವರೆಗೆ ಹೋಗಿ ಹಿಂದಿರುಗಿದರೂ ಸಾಕು. ಮಧ್ಯಾಹ್ನದ ಹೊತ್ತಿಗೆ ಮಂಜು ಸರಿಯುವ ಸಂಭವ ಹೆಚ್ಚು.

ಆ ನಗರದಲ್ಲಿ ಮುಂಗಡ ಟಿಕೆಟ್ ಬೇಕೇ ಬೇಕಾದದ್ದು ಆಲ್ಕಟ್ರಾಜ್ ದ್ವೀಪಕ್ಕೆ. 1934ರಿಂದ 1963ರವರೆಗೆ ಕೇಂದ್ರ ಸರ್ಕಾರದ ಸೆರೆಮನೆಯಾಗಿದ್ದ ಆ ಸ್ಥಳಕ್ಕೆ ಬೇಸಿಗೆಯಲ್ಲಿ ಟಿಕೆಟ್ಟುಗಳು ವಾರಗಟ್ಟಲೆ ಮೊದಲೇ ಮುಗಿದುಹೋಗುತ್ತವೆ. ದೋಣಿಯಿಂದ ಇಳಿದ ಮೇಲೆ ಸೆರೆಮನೆಗೆ ಕಡಿದಾದ ಏರುದಾರಿ. ಹತ್ತಲಾಗದವರಿಗೆ ವಿದ್ಯುತ್ ವಾಹನದ ವ್ಯವಸ್ಥೆಯಿದೆ. ಟಿಕೆಟ್ಟಿನ ಮೇಲಿನ ದಿನಾಂಕವನ್ನು ಎಚ್ಚರಿಕೆಯಿಂದ ಓದಿ. ಅಲ್ಲಿ ಮೊದಲು ಬರೆಯುವುದು ತಿಂಗಳು, ಆಮೇಲೆ ದಿನ. ನಮ್ಮ ಪರಿಚಿತ ದಂಪತಿ 07/08 ಎಂಬುದನ್ನು ಆಗಸ್ಟ್ 7 ಎಂದು ಓದಿಕೊಂಡು ಹೋದಾಗ, ಅವರ ಟಿಕೆಟ್ಟಿನ ದಿನ ಕಳೆದು ಒಂದು ತಿಂಗಳಾಗಿತ್ತು. ಇನ್ನೊಂದು ಮಾತು: ಪ್ರವಾಸಿಗರ ಕಾರುಗಳ ಗಾಜು ಒಡೆದು ಚೀಲ ಕದಿಯುವ ಕಾಟ ಆ ಊರಿನಲ್ಲಿ ಬಹಳ ದಿನಗಳಿಂದ ಇದೆ. ಸೇತುವೆ ನೋಡಲು ಹತ್ತೇ ನಿಮಿಷ ಇಳಿದರೂ ಸೀಟಿನ ಮೇಲೆ ಏನನ್ನೂ ಬಿಡಬೇಡಿ. ಪಾಸ್‌ಪೋರ್ಟ್ ಮತ್ತು ಔಷಧಿಯ ಚೀಲ ನಿಮ್ಮ ಕೈಯಲ್ಲೇ ಇರಲಿ.