ಅಮ್ಮ ಮಾಡಿದ ಒಳ್ಳೆಯದು ಲೆಕ್ಕಕ್ಕೇ ಇಲ್ವಾ?

ಪ್ರಶ್ನೆ: ಸರ್, ನಾವು ಮಂಗಳೂರಿನವರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಗೆ ಸೇರಿದವರು. ಮಗಳನ್ನು ಕ್ಯಾಥೊಲಿಕ್ ಮನೆಗೆ ಕೊಟ್ಟಿದ್ದೇವೆ. ನನ್ನ ತಮ್ಮ ಕೆಲವು ವರ್ಷಗಳಿಂದ ಪೆಂಟೆಕೋಸ್ಟ್ ಸಭೆಗೆ ಹೋಗುತ್ತಿದ್ದಾನೆ. ಹೋದ ವರ್ಷ ನಮ್ಮ ಅಮ್ಮ ತೀರಿಕೊಂಡರು. ವರ್ಷ ತುಂಬಿದ ದಿನ ಬೀಗರು ಪ್ರೀತಿಯಿಂದ ತಮ್ಮ ಚರ್ಚಿನಲ್ಲಿ ಅಮ್ಮನ ಆತ್ಮಕ್ಕಾಗಿ ಪೂಜೆ ಇಡಿಸಿದ್ದರು. ಊಟಕ್ಕೆ ಕೂತಾಗ ತಮ್ಮನಿಗೆ ಸಿಟ್ಟು ಬಂತು. "ಅಮ್ಮನಿಗೆ ರಕ್ಷಣೆ ಆಗಿತ್ತು. ಸತ್ತವರಿಗೆ ಪ್ರಾರ್ಥನೆ ಯಾಕೆ?" ಎಂದ. ಬೀಗರು, "ನಿಮ್ಮಮ್ಮ ಎಷ್ಟು ಜನಕ್ಕೆ ಅನ್ನ ಹಾಕಿದ್ದಾರೆ, ಅದು ಸುಮ್ನೆ ಹೋಗುತ್ತಾ?" ಎಂದರು. "ಅದ್ಯಾವುದೂ ಲೆಕ್ಕಕ್ಕಿಲ್ಲ, ನಂಬಿಕೆ ಮಾತ್ರ" ಎಂದ ತಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನಿನಗೆ ರಕ್ಷಣೆ ಆಗಿದ್ಯಾ?" ಎಂದು ಕೇಳಿದ. ನನಗೆ ಮಾತೇ ಹೊರಡಲಿಲ್ಲ. ಅಮ್ಮ ಮಾಡಿದ ಒಳ್ಳೆಯದು ನಿಜವಾಗಿಯೂ ಲೆಕ್ಕಕ್ಕೇ ಇಲ್ವಾ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮನೂ ಬೀಗರೂ ನಿಮ್ಮಮ್ಮನ ಮೇಲಿನ ಪ್ರೀತಿಯಿಂದಲೇ ಮಾತಾಡಿದ್ದಾರೆ. ಆದರೂ ನೋವಾಗಿದೆ. ಮೊದಲು ನನ್ನ ಬಗ್ಗೆ ಒಂದು ಮಾತು. ನಾನೂ ಸಿ.ಎಸ್.ಐ. ಸಭೆಯಲ್ಲೇ ಬೆಳೆದವನು. ಎಷ್ಟೇ ಎಚ್ಚರವಾಗಿದ್ದರೂ ಆ ಕನ್ನಡಕ ನನ್ನ ಮೂಗಿನ ಮೇಲೆ ಇದ್ದೇ ಇರುತ್ತದೆ. ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ನಿಮ್ಮ ತಮ್ಮ ಹೇಳಿದ "ನಂಬಿಕೆ ಮಾತ್ರ" ಎಂಬ ಮಾತಿಗೆ ಐನೂರು ವರ್ಷದ ಕಥೆ ಇದೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಈ ಎರಡು ಪದ ಜೊತೆಯಾಗಿ ಬರುವುದು ಒಂದೇ ಕಡೆ, ಯಾಕೋಬನ ಪತ್ರಿಕೆಯ 2:24ರಲ್ಲಿ. ಅಲ್ಲಿ ಯಾಕೋಬ ಹೇಳುವುದು ಇದಕ್ಕೆ ತದ್ವಿರುದ್ಧ: ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಕ್ರಿಯೆಗಳಿಂದಲೇ, ನಂಬಿಕೆ ಮಾತ್ರದಿಂದಲ್ಲ. ಅಪೊಸ್ತಲ ಪೌಲ ರೋಮಾಪುರದ ಸಭೆಗೆ ಬರೆದ ಪತ್ರಿಕೆಯ 3:28ರಲ್ಲಿ, ಮೋಶೆಯ ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬ ಅರ್ಥವಿದೆ. ಗ್ರೀಕಿನಲ್ಲಿ ಅಲ್ಲಿ "ಮಾತ್ರ" ಇಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ, ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಆ ಪದ ಸೇರಿಸಿದ. ಜನ ಬೈದರು. ಪೌಲನ ಅಭಿಪ್ರಾಯ ಅದೇ, ಜರ್ಮನ್ ಮಾತಾಡುವವನ ಬಾಯಲ್ಲಿ ಅದು ಹಾಗೇ ಬರಬೇಕು ಎಂದು 1530ರಲ್ಲಿ ಒಂದು ಬಹಿರಂಗ ಪತ್ರವನ್ನೇ ಬರೆದ. ಯಾಕೋಬನ ಪತ್ರಿಕೆ ಅವನಿಗೆ ಹಿಡಿಸಲಿಲ್ಲ. ಮುನ್ನುಡಿಯಲ್ಲಿ ಅದನ್ನು "ಹುಲ್ಲಿನ ಪತ್ರಿಕೆ" ಎಂದು ಕರೆದು, ಹೊಸ ಒಡಂಬಡಿಕೆಯ ಕೊನೆಗೆ ಸರಿಸಿದ. ತೆಗೆದುಹಾಕಲಿಲ್ಲ ಅನ್ನೋದನ್ನೂ ಹೇಳಬೇಕು.

ಲೂಥರ್‌ಗೆ ಯಾಕೆ ಅಷ್ಟು ಸಿಟ್ಟು? ಆ ಕಾಲದಲ್ಲಿ ಜರ್ಮನಿಯಲ್ಲಿ ದುಡ್ಡು ಪಡೆದು, ಪಾಪಕ್ಕೆ ಅನುಭವಿಸಬೇಕಾದ ಶಿಕ್ಷೆ ತಗ್ಗುತ್ತದೆ ಎಂದು ಕ್ಷಮಾಪಣಾ ಪತ್ರ ಕೊಡುತ್ತಿದ್ದರು. ಆ ದುಡ್ಡಿನ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಹೋಗುತ್ತಿತ್ತು. ತೀರಿಹೋದ ಅಪ್ಪ ಅಮ್ಮನ ಹೆಸರಲ್ಲೂ ಆ ಪತ್ರ ಕೊಳ್ಳಬಹುದಿತ್ತು. ಬಡವರು ಹೊಟ್ಟೆಗಿಟ್ಟುಕೊಂಡಿದ್ದನ್ನು ತಂದು ಸುರಿಯುತ್ತಿದ್ದರು. 1517ರಲ್ಲಿ ಲೂಥರ್ ಬರೆದ 95 ಪ್ರತಿಪಾದನೆಗಳು ಹುಟ್ಟಿದ್ದು ಈ ಸಂಕಟದಿಂದ. ನಿಮ್ಮ ಊಟದ ಮನೆಯಲ್ಲಿ ತಮ್ಮನಿಗೆ ಬಂದ ಸಿಟ್ಟಿನ ಬೇರು ಅಲ್ಲಿದೆ. ಹಾಗಂತ ನಿಮ್ಮ ಬೀಗರು ಮಾಡಿದ್ದು ಅದೇ ಕೆಲಸ ಅಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಪೌಲ ಮತ್ತು ಯಾಕೋಬ. ಇಬ್ಬರೂ ಅಬ್ರಹಾಮನನ್ನೇ ಉದಾಹರಣೆ ಕೊಡುತ್ತಾರೆ. ಇಬ್ಬರೂ ಆದಿಕಾಂಡ 15:6 ಎಂಬ ಒಂದೇ ವಚನವನ್ನು ಎತ್ತಿಕೊಳ್ಳುತ್ತಾರೆ. ಹಾಗಿದ್ದೂ ಎದುರು ಬದುರು ನಿಂತಂತೆ ಕಾಣುತ್ತಾರಲ್ವಾ? ನಾನು ಪಾಠ ಮಾಡುವಾಗ ಇದನ್ನು ವಿವರಿಸಲು ವರ್ಷಗಟ್ಟಲೆ ಗ್ರೀಕ್ ವ್ಯಾಕರಣ ಹೇಳಿದೆ. ಹುಡುಗರು ಆಕಳಿಸುತ್ತಿದ್ದರು. ಕೊನೆಗೆ ಕನ್ನಡವೇ ಕೈ ಹಿಡಿಯಿತು.

ನಾವು "ನಂಬು" ಎಂಬ ಪದವನ್ನು ಎರಡು ರೀತಿ ಬಳಸುತ್ತೇವೆ. "ಆ ಊರಿಗೆ ರಾತ್ರಿ ಬಸ್ಸು ಇದೆ ಅಂತ ನಂಬಿದ್ದೇನೆ." ಇದು ಒಂದು. "ನಿಮ್ಮನ್ನೇ ನಂಬ್ಕೊಂಡು ಬಂದಿದ್ದೀನಿ." ಇದು ಇನ್ನೊಂದು. ಮೊದಲನೆಯದಕ್ಕೆ ಕೂತಲ್ಲಿಂದ ಏಳಬೇಕಾಗಿಲ್ಲ. ಎರಡನೆಯದನ್ನು ಹೇಳುವವನು ಗಂಟುಮೂಟೆ ಕಟ್ಟಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದಾನೆ. ಯಾಕೋಬ ಬೈಯುವುದು ಮೊದಲನೆಯ ನಂಬಿಕೆಯನ್ನು. ದೇವರು ಒಬ್ಬನೇ ಎಂದು ನಂಬುತ್ತೀಯಾ, ಒಳ್ಳೆಯದು, ದೆವ್ವಗಳೂ ಹಾಗೆ ನಂಬಿ ನಡುಗುತ್ತವೆ ಎನ್ನುತ್ತಾನೆ. ಬಟ್ಟೆಯಿಲ್ಲದೆ ಹಸಿದು ಬಂದವರಿಗೆ "ಸಮಾಧಾನದಿಂದ ಹೋಗಿ, ಬೆಚ್ಚಗಿರಿ" ಎಂದು ಹೇಳಿ ಬರಿಗೈಯಲ್ಲಿ ಕಳಿಸಿದರೆ ಏನು ಪ್ರಯೋಜನ ಎಂದು ಕೇಳುತ್ತಾನೆ. ಪೌಲ ಹೊಗಳುವುದು ಎರಡನೆಯ ನಂಬಿಕೆಯನ್ನು. ಗಲಾತ್ಯದವರಿಗೆ ಬರೆದ ಪತ್ರಿಕೆಯ 5:6ರಲ್ಲಿ ಅವನೇ ಅದಕ್ಕೆ ಹೆಸರಿಟ್ಟಿದ್ದಾನೆ: ಪ್ರೀತಿಯಿಂದ ಕೆಲಸ ನಡೆಸುವ ನಂಬಿಕೆ.

ಹಾಗಾದರೆ ಜಗಳವೇ ಇಲ್ವಾ ಅಂದರೆ, ಇದೆ. ಅದನ್ನು ಮುಚ್ಚಿಡುವುದು ನಿಮಗೆ ಮೋಸ ಮಾಡಿದಂತೆ. ದೇವರು ಪಾಪಿಯನ್ನು ಒಪ್ಪಿಕೊಂಡಾಗ ಏನಾಗುತ್ತದೆ ಎಂಬುದೇ ನಿಜವಾದ ಭಿನ್ನಾಭಿಪ್ರಾಯ. ಲೂಥರ್ ಕಡೆಯವರಿಗೆ ಅದು ನ್ಯಾಯಾಲಯದ ಚಿತ್ರ: ನ್ಯಾಯಾಧೀಶ "ನೀನು ನಿರಪರಾಧಿ" ಎಂದು ತೀರ್ಪು ಕೊಡುತ್ತಾನೆ, ಕ್ರಿಸ್ತನ ಸಲುವಾಗಿ. ಕ್ಯಾಥೊಲಿಕರಿಗೆ ತೀರ್ಪಷ್ಟೇ ಸಾಲದು, ದೇವರು ಒಳಗಿನಿಂದ ಮನುಷ್ಯನನ್ನು ನಿಜಕ್ಕೂ ಬದಲಾಯಿಸುತ್ತಾನೆ. ನಿಮ್ಮ ಮನೆಯ ಬೈಬಲನ್ನೂ ಮಗಳ ಮನೆಯ ಬೈಬಲನ್ನೂ ಪಕ್ಕದಲ್ಲಿಟ್ಟು ನೋಡಿ. ನಮ್ಮ ಹಳೆಯ ಸತ್ಯವೇದದಲ್ಲಿ "ನೀತಿವಂತನೆಂದು ನಿರ್ಣಯ", "ಕೃಪೆ", "ರಕ್ಷಣೆ" ಎಂದಿರುವ ಕಡೆ, ಕ್ಯಾಥೊಲಿಕರು ಓದುವ ಅನುವಾದದಲ್ಲಿ "ದೇವರೊಡನೆ ಸತ್ಸಂಬಂಧ", "ಅನುಗ್ರಹ", "ಜೀವೋದ್ಧಾರ" ಎಂಬ ಪದಗಳು ಸಿಗುತ್ತವೆ. ನಿರ್ಣಯ ಅಂದರೆ ಕಟಕಟೆ ಕಣ್ಣಿಗೆ ಬರುತ್ತದೆ. ಸಂಬಂಧ ಅಂದರೆ ಮನೆ ನೆನಪಾಗುತ್ತದೆ. ಚಿಕ್ಕಂದಿನಿಂದ ಬೇರೆ ಬೇರೆ ಪದ ಕೇಳಿ ಬೆಳೆದವರು ಒಂದೇ ಊಟದ ಮೇಜಿಗೆ ಕೂತಾಗ ಮಾತು ತಪ್ಪುವುದು ಸಹಜ.

1547ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ "ನಂಬಿಕೆ ಮಾತ್ರ" ಎಂಬ ಬೋಧನೆಗೆ ಶಾಪ ಹಾಕಿತು. ಆದರೆ ಅದೇ ತೀರ್ಮಾನಗಳ ಪಟ್ಟಿಯಲ್ಲಿ ಮೊದಲನೆಯದು ಯಾವುದು ಗೊತ್ತಾ? ಕ್ರಿಸ್ತನ ಕೃಪೆಯಿಲ್ಲದೆ ತನ್ನ ಸ್ವಂತ ಕೆಲಸಗಳಿಂದ ಮನುಷ್ಯ ನೀತಿವಂತನಾಗಬಹುದು ಎನ್ನುವವನಿಗೂ ಶಾಪ. ಇದನ್ನು ನಿಮ್ಮ ತಮ್ಮನಿಗೆ ತಿಳಿಸಿ. "ಪುಣ್ಯ ಕೂಡಿಟ್ಟು ಸ್ವರ್ಗ ಕೊಳ್ಳುತ್ತಾರೆ" ಎಂದು ಕ್ಯಾಥೊಲಿಕರ ಬಗ್ಗೆ ನಮ್ಮ ಸಭೆಗಳಲ್ಲಿ ಹೇಳುವ ಮಾತು ನ್ಯಾಯವಾದದ್ದಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ. ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಸಜ್ಜು ಮಾಡುತ್ತದೆ ಎಂಬುದು ಅದರ ಸಾರ. ಹಳೆಯ ಶಾಪಗಳು ಈ ಘೋಷಣೆಯಲ್ಲಿ ವಿವರಿಸಿದ ಬೋಧನೆಗೆ ತಗಲುವುದಿಲ್ಲ ಎಂದೂ ಒಪ್ಪಿಕೊಂಡರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಜೊತೆಯಾದವು. ಎಲ್ಲರೂ ಖುಷಿಪಡಲಿಲ್ಲ. ಜರ್ಮನಿಯಲ್ಲೇ ನೂರಕ್ಕೂ ಹೆಚ್ಚು ಪ್ರಾಟೆಸ್ಟೆಂಟ್ ಪ್ರಾಧ್ಯಾಪಕರು ವಿರೋಧಿಸಿದರು. ಇಂದಿಗೂ ಕ್ಯಾಥೊಲಿಕರೂ ಈ ಪ್ರಾಟೆಸ್ಟೆಂಟ್ ಸಭೆಗಳೂ ಒಂದೇ ಪೀಠದಿಂದ ರೊಟ್ಟಿ ಹಂಚಿಕೊಳ್ಳುವ ಹಂತಕ್ಕೆ ಬಂದಿಲ್ಲ. ನನಗೆ ಅದು ದುಃಖದ ವಿಷಯ.

ಇನ್ನು ಪೂಜೆ. ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗ ಎರಡನೆಯ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯದಲ್ಲಿದೆ. ಕ್ಯಾಥೊಲಿಕರ ಬೈಬಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ಆ ಪುಸ್ತಕ ನಮ್ಮದರಲ್ಲಿಲ್ಲ. ಹಾಗಾಗಿ ನಾವು ಸತ್ತವರಿಗಾಗಿ ದೇವರಿಗೆ ವಂದನೆ ಹೇಳುತ್ತೇವೆ, ಅವರ ಸಲುವಾಗಿ ಬೇಡುವುದು ಕಡಿಮೆ. ಆದರೆ ಒಂದು ವಿಷಯ ನಿಮ್ಮ ಮನಸ್ಸಿಗೆ ಹಗುರ ತರಬಹುದು. ಕ್ಯಾಥೊಲಿಕ್ ಬೋಧನೆ ಪ್ರಕಾರ ಮರಣದ ನಂತರದ ಶುದ್ಧೀಕರಣಕ್ಕೆ ಹೋಗುವವರು ರಕ್ಷಣೆ ಖಚಿತವಾದವರು ಮಾತ್ರ. ಅಂದರೆ ಬೀಗರು ಪೂಜೆ ಇಡಿಸಿದಾಗ ಅಮ್ಮನ ರಕ್ಷಣೆ ಬಗ್ಗೆ ಅನುಮಾನಪಟ್ಟಿರಲಿಲ್ಲ. ನಿಮ್ಮಮ್ಮ ದೇವರ ಕೈಯಲ್ಲಿದ್ದಾರೆ ಎಂಬಲ್ಲಿ ಅವರಿಗೂ ನಿಮ್ಮ ತಮ್ಮನಿಗೂ ಭೇದವಿರಲಿಲ್ಲ.

"ಅಕ್ಕಾ, ನಿನಗೆ ರಕ್ಷಣೆ ಆಗಿದ್ಯಾ?" ಇದಕ್ಕೆ ಏನು ಹೇಳುವುದು? "ಊಟ ಆಗಿದ್ಯಾ" ಎಂದರೆ ಕೈ ತೊಳೆದುಕೊಂಡು ಎದ್ದ ಹಾಗೆ, ಮುಗಿಯಿತು. "ಮದುವೆ ಆಗಿದ್ಯಾ" ಎಂಬುದಕ್ಕೂ "ಆಗಿದೆ" ಅಂತಲೇ ಉತ್ತರ. ಆದರೆ ಅದು ಮುಗಿದದ್ದಲ್ಲ, ಅವತ್ತು ಶುರುವಾದದ್ದು. ಪೌಲನ ಪತ್ರಿಕೆಗಳಲ್ಲಿ ರಕ್ಷಣೆ ಮೂರು ಕಾಲದಲ್ಲೂ ಬರುತ್ತದೆ. ಎಫೆಸ 2:8ರಲ್ಲಿ ಆಗಿದೆ. 1 ಕೊರಿಂಥ 1:18ರಲ್ಲಿ ಆಗುತ್ತಾ ಇದೆ. ರೋಮಾ 5:9ರಲ್ಲಿ ಆಗಲಿದೆ. ನಿಮ್ಮ ತಮ್ಮ ಒಂದು ಕಾಲವನ್ನು ಗಟ್ಟಿಯಾಗಿ ಹಿಡಿದಿದ್ದಾನೆ, ಅದು ತಪ್ಪಲ್ಲ. "ಆಗಿದೆ ಕಣೋ, ಆಗ್ತಾನೂ ಇದೆ" ಎಂದು ನೀವು ಧೈರ್ಯವಾಗಿ ಹೇಳಬಹುದು.

ಮತ್ತೆ ಅಮ್ಮ ಹಾಕಿದ ಅನ್ನ. "ಲೆಕ್ಕಕ್ಕಿಲ್ಲ" ಎಂಬ ಮಾತು ಪೌಲನದಲ್ಲ. ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಎಂದು ಎಫೆಸ 2:8–9ರಲ್ಲಿ ಬರೆದವನು ಮುಂದಿನ ವಚನದಲ್ಲೇ, ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಉಂಟುಮಾಡಿದ್ದಾನೆ ಎನ್ನುತ್ತಾನೆ. ಹತ್ತನೇ ವಚನವನ್ನು ಬಿಟ್ಟು ಒಂಬತ್ತಕ್ಕೇ ನಿಲ್ಲಿಸುವುದು ನಮ್ಮ ಪ್ರಾಟೆಸ್ಟೆಂಟರ ಹಳೆಯ ಅಭ್ಯಾಸ. ಅಮ್ಮ ಆ ಅನ್ನ ಕೊಟ್ಟು ಸ್ವರ್ಗ ಕೊಳ್ಳಲು ಹೋಗಿರಲಿಲ್ಲ. ಅವರ ನಂಬಿಕೆ ಕಣ್ಣಿಗೆ ಕಾಣುತ್ತಿದ್ದದ್ದೇ ಆ ಅನ್ನದಲ್ಲಿ.

ಪ್ರಶ್ನೆ: ಕೂಸಾಗಿದ್ದಾಗ ನನಗೆ ದೀಕ್ಷಾಸ್ನಾನ ಆಗಿದೆ. ಈಗ ಹೋಗುತ್ತಿರುವ ಸಭೆಯ ಪಾಸ್ಟರ್ ಅದು ಲೆಕ್ಕವಿಲ್ಲ, ನೀರಲ್ಲಿ ಮುಳುಗಿ ಮತ್ತೆ ತೆಗೆದುಕೊಳ್ಳಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಎರಡೂ ಕಡೆಯವರು ತೋರಿಸುವ ಒಂದು ಪ್ರಸಂಗ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದ ಸೆರೆಮನೆಯ ಯಜಮಾನನದು. ಅವನಿಗೂ ಅವನ ಮನೆಯವರೆಲ್ಲರಿಗೂ ಆ ರಾತ್ರಿಯೇ ದೀಕ್ಷಾಸ್ನಾನವಾಯಿತು. ಮನೆಯವರೆಲ್ಲ ಎಂದರೆ ಮಕ್ಕಳೂ ಇರಬೇಕಲ್ವಾ ಎನ್ನುತ್ತಾರೆ ಒಂದು ಕಡೆಯವರು. ವಾಕ್ಯ ಕೇಳಿ ನಂಬಿದವರಿಗೇ ಆಗಿದ್ದು, ಕೂಸಿನ ಮಾತು ಅಲ್ಲಿ ಎಲ್ಲಿದೆ ಎನ್ನುತ್ತಾರೆ ಇನ್ನೊಂದು ಕಡೆಯವರು. ವಚನ ಎರಡಕ್ಕೂ ಜಾಗ ಬಿಡುತ್ತದೆ.

ಈ ಜಗಳದಲ್ಲಿ ಜೀವಗಳೇ ಹೋಗಿವೆ. 1525ರ ಜನವರಿಯಲ್ಲಿ ಜೂರಿಕ್‌ನಲ್ಲಿ ಕೆಲವರು, ಬೈಬಲ್ ಓದಿದ ಮೇಲೆ, ದೊಡ್ಡವರಾಗಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಅವರಲ್ಲಿ ಒಬ್ಬ ಫೆಲಿಕ್ಸ್ ಮಾಂಟ್ಜ್. 1527ರ ಜನವರಿ 5ರಂದು ಅವನ ಕೈಕಾಲು ಕಟ್ಟಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಂದದ್ದು ರೋಮ್ ಅಲ್ಲ, ಬೈಬಲ್ಲೇ ಆಧಾರ ಎನ್ನುತ್ತಿದ್ದ ಪ್ರಾಟೆಸ್ಟೆಂಟ್ ನಗರಾಡಳಿತ. ಇದನ್ನು ಓದುವಾಗ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕ್ಯಾಥೊಲಿಕ್, ಆರ್ಥೊಡಾಕ್ಸ್, ಸಿ.ಎಸ್.ಐ. ಸಭೆಗಳಲ್ಲಿ ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಲ್ಲಿ ಒಮ್ಮೆ ಆದರೆ ಆಯಿತು. ಮತ್ತೊಮ್ಮೆ ಇಲ್ಲ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟ್ ಸಭೆಗಳ ಪ್ರಕಾರ ಇದು "ಮತ್ತೆ" ಅಲ್ಲ, ಇದೇ ಮೊದಲನೆಯದು. 1982ರಲ್ಲಿ ಪೆರುವಿನ ಲೀಮಾದಲ್ಲಿ ಹಲವು ಸಭೆಗಳ ದೈವಶಾಸ್ತ್ರಜ್ಞರು ಸೇರಿ, ಎರಡನೇ ದೀಕ್ಷಾಸ್ನಾನದಂತೆ ಕಾಣುವುದನ್ನು ಮಾಡಬೇಡಿ ಎಂದು ಕೇಳಿಕೊಂಡರು. ನನ್ನ ಮನಸ್ಸೂ ಆ ಕಡೆಗೇ. ಕೂಸಾಗಿದ್ದಾಗ ನಾವು ದೇವರನ್ನು ಹಿಡಿದಿರಲಿಲ್ಲ, ದೇವರು ನಮ್ಮನ್ನು ಹಿಡಿದಿದ್ದ. ನಂಬಿಕೆಯನ್ನು ಬಾಯಿಬಿಟ್ಟು ಹೇಳಬೇಕು ಅನಿಸಿದರೆ ಸಾಕ್ಷಿ ಹೇಳಲು ಅವಕಾಶ ಕೇಳಿ. ನಿರ್ಧಾರ ನಿಮ್ಮದು. ಯಾರೋ ಹೆದರಿಸಿದರು ಅಂತ ಮಾತ್ರ ನೀರಿಗೆ ಇಳಿಯಬೇಡಿ.

ಪ್ರಶ್ನೆ: ಎಲ್ಲರೂ ತೋರಿಸೋದು ಅದೇ ಬೈಬಲ್. ಅರ್ಥ ಮಾತ್ರ ಯಾಕೆ ಇಷ್ಟು ಬೇರೆ?

ಉತ್ತರ: ಒಂದು ಪದ ಸಾಕು. 1529ರಲ್ಲಿ ಮಾರ್ಬರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಜೂರಿಕ್‌ನ ಪ್ರಾಟೆಸ್ಟೆಂಟ್ ಸುಧಾರಕ ಜ್ವಿಂಗ್ಲಿ ಮಾತುಕತೆಗೆ ಕೂತರು. ಯೇಸು ಕೊನೆಯ ಊಟದಲ್ಲಿ ರೊಟ್ಟಿ ಕೊಟ್ಟು ಹೇಳಿದ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ "ಇದು ನನ್ನ ದೇಹ" ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟ. ಅಲ್ಲಿನ "ಆಗಿದೆ" ಎಂಬ ಪದ ಅವನ ಆಧಾರ. ಅದಕ್ಕೆ "ಸೂಚಿಸುತ್ತದೆ" ಎಂದೇ ಅರ್ಥ ಎಂದ ಜ್ವಿಂಗ್ಲಿ. ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಒಪ್ಪಿ, ಆ ಊಟದ ನೆನಪಿಗೆ ಸಭೆಯಲ್ಲಿ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ಈ ಒಂದರ ಹತ್ತಿರ ಬೇರೆಯಾದರು.

ಕನ್ನಡದಲ್ಲಿ ಆ ವಾಕ್ಯ ಹೇಳಿ ನೋಡಿ: "ಇದು ನನ್ನ ದೇಹ." "ಆಗಿದೆ" ಎಲ್ಲಿ? ಬೇಕಾಗಿಯೇ ಇಲ್ಲ. ಯೇಸು ಮಾತಾಡಿದ ಅರಾಮಿಕ್‌ನಲ್ಲೂ ಇಂಥ ವಾಕ್ಯಕ್ಕೆ ಆ ಪದ ಬೇಕಾಗುವುದಿಲ್ಲ. ಆ ರಾತ್ರಿ ಶಿಷ್ಯರ ಕಿವಿಗೆ ಬಿದ್ದದ್ದು ನಮ್ಮ ಕನ್ನಡದ ವಾಕ್ಯದ ಹಾಗೇ ಇತ್ತು ಎಂದು ನನಗನಿಸುತ್ತದೆ. ಹಾಗಂತ ಜಗಳ ಬಗೆಹರಿಯಲಿಲ್ಲ. ಆ ರೊಟ್ಟಿ ಏನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ವಿದ್ಯಾರ್ಥಿಗಳಿಗೆ ನಾನು ಕೊಡುತ್ತಿದ್ದ ಒಂದೇ ಕೆಲಸವನ್ನು ನಿಮಗೂ ಕೊಡುತ್ತೇನೆ. ರೋಮಾಪುರದ ಪತ್ರಿಕೆಯ 3 ಮತ್ತು 4ನೇ ಅಧ್ಯಾಯ, ಯಾಕೋಬನ 2ನೇ ಅಧ್ಯಾಯ, ಯೋಹಾನನ 6ನೇ ಅಧ್ಯಾಯ ಇವನ್ನು ಬಿಡಿ ವಚನವಾಗಿ ಅಲ್ಲ, ಪೂರ್ತಿಯಾಗಿ, ಜೋರಾಗಿ ಓದಿ. ಸಾಧ್ಯವಾದರೆ ಬೇರೆ ಸಭೆಯ ಒಬ್ಬ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಅನುವಾದವನ್ನು ಅವನ ಬಾಯಿಂದಲೇ ಕೇಳಿ.