ಇಂಪ್ಲಾಂಟ್ ಇರುವ ಮಗುವಿಗೆ ಸನ್ನೆ ಭಾಷೆ ಬೇಕಾ?

ಪ್ರಶ್ನೆ: ನಾವು ಡೊಂಬಿವ್ಲಿಯಲ್ಲಿದ್ದೇವೆ. ಮಗನಿಗೆ ಎಂಟು ವರ್ಷ. ಕಿವಿ ಕೇಳದ್ದರಿಂದ ಎರಡನೇ ವಯಸ್ಸಿಗೇ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಮಾಡಿಸಿದೆವು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಆದರೆ ಶಾಲೆಯಲ್ಲಿ ಯಾರ ಜೊತೆಗೂ ಸೇರುವುದಿಲ್ಲ. ಬರ್ತ್‌ಡೇ ಪಾರ್ಟಿ ಎಂದರೆ ಅಳುತ್ತಾನೆ. ಸನ್ನೆ ಭಾಷೆ ಕಲಿಸೋಣ ಅಂದರೆ, ಮಾತು ಬಿಟ್ಟುಬಿಡುತ್ತಾನೆ ಎಂದು ಅತ್ತೆಗೆ ಭಯ.

ಉತ್ತರ: ಧೈರ್ಯವಾಗಿ ಕಲಿಸಿ. ಮನೆಯವರೆಲ್ಲ ಅವನ ಜೊತೆ ಕಲಿಯಿರಿ.

ಅವನ ಅಳು ಹಟ ಅಲ್ಲ, ಹೆಚ್ಚಾಗಿ ಸುಸ್ತು. ನಮ್ಮ ಕಿವಿಯಲ್ಲಿ ಸಾವಿರಾರು ಸೂಕ್ಷ್ಮ ಕೋಶಗಳು ಮಾಡುವ ಕೆಲಸವನ್ನು ಇಂಪ್ಲಾಂಟಿನಲ್ಲಿ ನರಕ್ಕೆ ವಿದ್ಯುತ್ ಸಂಕೇತ ಕೊಡುವ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡಬೇಕು. ಎದುರಿಗೆ ಒಬ್ಬರೇ ಕೂತು ಮಾತಾಡಿದರೆ ತೊಂದರೆಯಿಲ್ಲ. ಹತ್ತು ಮಕ್ಕಳು ಕಿರುಚುತ್ತಾ, ಹಿಂದೆ ಹಾಡು ಹಾಕಿದ್ದರೆ ಯಾರು ಏನಂದರು ಎಂದು ಬಿಡಿಸಿಕೊಳ್ಳುವುದೇ ಕಷ್ಟ. ಎಲ್ಲರೂ ನಕ್ಕಾಗ ಅವನೂ ಸುಮ್ನೆ ನಗುತ್ತಾನೆ, ಅಲ್ವಾ? ದಿನವಿಡೀ ಹೀಗೆ ಊಹಿಸುತ್ತಾ ಇರುವುದು ದೊಡ್ಡವರಿಗೂ ಆಗದ ಕೆಲಸ.

ಇನ್ನು ಸ್ನಾನ, ನಿದ್ದೆ, ಬ್ಯಾಟರಿ ಮುಗಿದ ಹೊತ್ತು. ಸದ್ದನ್ನು ಹಿಡಿದು ಇಂಪ್ಲಾಂಟಿಗೆ ಕಳಿಸುವ ಹೊರಗಿನ ಮಷಿನ್, ಅಂದರೆ ಪ್ರೊಸೆಸರ್ ತೆಗೆದರೆ ಅವನು ಕಿವುಡ ಮಗುವೇ. ಮಳೆಯಲ್ಲಿ ಸೊಸೈಟಿಯ ಮಕ್ಕಳೆಲ್ಲ ನೆನೆದು ಕುಣಿಯುವಾಗ ಅವನಿಗೆ ಒಂದು ಭಾಷೆ ಬೇಡವೇ? ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ‘ಬಾ’, ‘ನಿನ್ನ ಸರದಿ’, ‘ನಿಲ್ಲು’ ಎಂಬ ಸನ್ನೆ ಬಂದರೂ ಆಟ ನಡೆಯುತ್ತದೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ.

ಅತ್ತೆಯವರ ಭಯಕ್ಕೆ ಮಾತು-ಶ್ರವಣ ಚಿಕಿತ್ಸೆಯ ನಮ್ಮ ಕ್ಷೇತ್ರದವರೇ ಕಾರಣ. ಕೈ ಬಳಸಿದರೆ ಬಾಯಿ ಬರುವುದಿಲ್ಲ ಎಂದು ಎಷ್ಟೋ ವರ್ಷ ಹೇಳಿದರು. ಆದರೆ ಕಿವುಡ ತಂದೆತಾಯಿಯ ಮಡಿಲಲ್ಲಿ ಹುಟ್ಟಿನಿಂದಲೇ ಸನ್ನೆ ಕಲಿತು, ಆಮೇಲೆ ಇಂಪ್ಲಾಂಟ್ ಪಡೆದ ಮಕ್ಕಳು ಮಾತಿನಲ್ಲೂ ಚೆನ್ನಾಗಿ ಮುಂದೆ ಬಂದಿದ್ದಾರೆ. ಪ್ರೊಸೆಸರ್ ಹಾಕುವುದನ್ನು, ಸ್ಪೀಚ್ ಥೆರಪಿಯನ್ನು ಮಾತ್ರ ನಿಲ್ಲಿಸಬೇಡಿ.

ಕಲಿಯಲು ‘ಸೈನ್ ಲರ್ನ್’ ಆ್ಯಪ್ ಇದೆ. ಅದರಲ್ಲಿ ಭಾರತೀಯ ಸನ್ನೆ ಭಾಷೆಯ 10,000 ಪದಗಳ ನಿಘಂಟಿದೆ. ಆದರೆ ಆ್ಯಪ್ ಗೆಳೆಯನಾಗುವುದಿಲ್ಲ. ತನ್ನಂಥದೇ ಮಷಿನ್ ಹಾಕಿದ ಮಕ್ಕಳನ್ನು, ಕೆಲಸ-ಸಂಸಾರ ನಡೆಸುತ್ತಿರುವ ಕಿವುಡ ಹಿರಿಯರನ್ನು ಅವನು ನೋಡಬೇಕು. ಮಾತು-ಶ್ರವಣ ತೊಂದರೆ ಇರುವವರಿಗಾಗಿ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ವಿಚಾರಿಸಿ. ಇಂಥ ಕುಟುಂಬಗಳ ಪರಿಚಯ ಅಲ್ಲಿಂದ ಶುರುವಾಗಬಹುದು. ಶಾಲೆಯಲ್ಲಿ ಮುಂದಿನ ಬೆಂಚು ಕೇಳಿ, ಟೀಚರ್ ಕೊರಳಿಗೆ ಹಾಕುವ ವೈರ್‌ಲೆಸ್ ಮೈಕ್ ಬಗ್ಗೆಯೂ ಮಾತಾಡಿ. ಸನ್ನೆ ಭಾಷೆಗೆ ಉತ್ತೇಜನ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಕೇಳಲು ಸಂಕೋಚ ಬೇಡ.

ಒಂದು ವಿಷಯ: ಈ ಒಂಟಿತನ ಇತ್ತೀಚೆಗೆ ಏಕಾಏಕಿ ಶುರುವಾಗಿದ್ದರೆ ಮೊದಲು ಮ್ಯಾಪಿಂಗ್ (ಅವನಿಗೆ ಸರಿಯಾಗಿ ಕೇಳಿಸುವಂತೆ ಮಷಿನ್ ಹೊಂದಿಸುವುದು) ಮಾಡಿಸಿ. ಸದ್ದು ಸರಿಯಾಗಿ ಕೇಳಿಸದಿದ್ದರೂ ಮಕ್ಕಳು ಹೇಳುವುದಿಲ್ಲ.