ಹಿಮವೂ ಬೂದಿ, ಎಮ್ಮೆಯೂ ಬೂದಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೆಟ್ಟದ ಫೋಟೋ ಬಗ್ಗೆಯೇ. ದಸರಾ, ದೀಪಾವಳಿ ರಜೆ ಹತ್ತಿರ ಬಂತಲ್ಲ, ನಮ್ಮ ಬಯಲುಸೀಮೆಯವರಿಗೆಲ್ಲ ಹಿಮದ ಕನಸು. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಟೋಬರ್ ಮೊದಲ ವಾರ ಕಾಶ್ಮೀರಕ್ಕೆ ಹೊರಟಿದ್ದೇವೆ. ಕೆಂಪು ಎಲೆಗಳ ಫೋಟೋ ತೆಗೆಯುವ ಆಸೆ. ಹೊಸ ಕ್ಯಾಮೆರಾ ತಗೊಳ್ಳಲೇಬೇಕಾ, ಫೋನ್ ಸಾಕಾ?
— ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಕ್ಯಾಮೆರಾ ಆಮೇಲೆ, ಮೊದಲು ಟಿಕೆಟ್ ನೋಡಿ. ಅಕ್ಟೋಬರ್ ಮೊದಲ ವಾರ ಶ್ರೀನಗರದ ಚಿನಾರ್ ಮರಗಳು ಹೆಚ್ಚುಕಮ್ಮಿ ಹಸಿರಾಗಿಯೇ ಇರುತ್ತವೆ. ಅವು ಹಳದಿಗೆ ತಿರುಗಿ, ಕಿತ್ತಳೆಯಾಗಿ, ಕೆಂಪೇರಿ, ಕಡೆಗೆ ತುಕ್ಕಿನ ಬಣ್ಣಕ್ಕೆ ಇಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ. ರಜೆ ಬದಲಿಸಲು ಆಗದಿದ್ದರೆ ಊರು ಬದಲಿಸಿ. ಎತ್ತರಕ್ಕೆ ಹೋದಷ್ಟೂ ಚಳಿ ಬೇಗ, ಬಣ್ಣವೂ ಬೇಗ. ಸುಮಾರು 3500 ಮೀಟರ್ ಎತ್ತರದ ಲೇಹ್ ಸುತ್ತ ಪಾಪ್ಲರ್, ವಿಲ್ಲೋ ಮರಗಳು ಸೆಪ್ಟೆಂಬರ್ ಕೊನೆಗೇ ಬಣ್ಣ ಬದಲಿಸಲು ಶುರು ಮಾಡುತ್ತವೆ. ಹಿಮಾಚಲದ ಲಾಹೌಲ್ ಕಣಿವೆಯೂ ಅಕ್ಟೋಬರಿನಲ್ಲಿ ಚೆನ್ನ, 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಹೋಗುವುದು ಸಲೀಸು. ಆದರೆ ಇವೆರಡೂ ಕಡೆ ಸಿಗುವುದು ಹಳದಿ. ಕೆಂಪೇ ಬೇಕು ಅಂದರೆ ಚಿನಾರ್‌ಗೆ ಕಾಯಬೇಕು.

ಯಾಕೆ ಹೀಗೆ? ಹಳದಿ ಬಣ್ಣ ಎಲೆಯೊಳಗೆ ಮೊದಲಿನಿಂದಲೂ ಇರುತ್ತದೆ, ಹಸಿರಿನ ಅಡಿ ಮುಚ್ಚಿಹೋಗಿರುತ್ತದೆ ಅಷ್ಟೇ. ಹಗಲು ಗಿಡ್ಡವಾಗಿ ಚಳಿ ಹೆಚ್ಚಿದಾಗ ಮರ ಹಸಿರು ತಯಾರಿಸುವುದನ್ನು ನಿಲ್ಲಿಸುತ್ತದೆ, ಆಗ ಹಳದಿ ಕಾಣುತ್ತದೆ. ಕೆಂಪಿನ ಕಥೆ ಬೇರೆ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಅದಕ್ಕೇ ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಹೀಗೆ ಒಂದಷ್ಟು ದಿನ ಸಿಕ್ಕಿದ ವರ್ಷ ಕೆಂಪು ಜಾಸ್ತಿ. ಮಳೆಗಾಳಿ ಬಂತೋ, ಬಣ್ಣ ಬರುವ ಮೊದಲೇ ಎಲೆ ನೆಲ ಸೇರುತ್ತದೆ.

ಇನ್ನು ಫೋನ್ ಸಾಕಾ ಅಂದರೆ, ಸಾಕು. ಎಲ್ಲಿ ನಿಲ್ಲುತ್ತೀರಿ ಅನ್ನುವುದೇ ಮುಖ್ಯ. ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ ನಿಂತು ಮರದ ಫೋಟೋ ತೆಗೆಯುತ್ತಾರೆ, ಎಲೆ ಮಂಕಾಗಿ ಬರುತ್ತದೆ, ಆಮೇಲೆ ಕ್ಯಾಮೆರಾಗೆ ಬೈಯುತ್ತಾರೆ. ನೀವು ಮರದ ಆ ಕಡೆ ಹೋಗಿ. ಸೂರ್ಯ ಎಲೆಯ ಹಿಂದೆ ಇರಲಿ. ಆಗ ಎಲೆ ದೀಪ ಹಚ್ಚಿಟ್ಟ ಆಕಾಶಬುಟ್ಟಿಯ ಕಾಗದದ ಹಾಗೆ ಒಳಗಿನಿಂದ ಹೊಳೆಯುತ್ತದೆ. ಸೂರ್ಯನನ್ನು ಕಾಂಡದ ಹಿಂದೆ ಅಡಗಿಸಿ, ಫೋನಿನಲ್ಲಿ ಎಲೆಯ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಶ್ರೀನಗರದಲ್ಲಿ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲೇ ನಸೀಮ್ ಬಾಗ್ ಅಂತ ಚಿನಾರ್ ತೋಪು ಇದೆ, ಬೆಳಿಗ್ಗೆ ಹೋಗಿ. ಮೋಡದ ದಿನ ಸಿಕ್ಕಿದರೆ ಬೇಜಾರು ಬೇಡ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು ನೆಲಕ್ಕೆ ಬಿದ್ದ ಎಲೆಗಳನ್ನು ತೆಗೆಯಿರಿ, ಬಣ್ಣ ಗಾಢವಾಗಿ ಬರುತ್ತದೆ. ಒಂದು ಮಾತು, ಕ್ಯಾಮೆರಾ ಒಯ್ದರೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್, ಆಟೋದಲ್ಲಿ ಬಿಡಬೇಡಿ. ಅದು ಇಡೀ ಚಿತ್ರದ ಕೆಂಪನ್ನು ತಪ್ಪು ಅಂದುಕೊಂಡು ತಿದ್ದಲು ಹೋಗುತ್ತದೆ. ಡೇಲೈಟ್‌ಗೆ ಇಡಿ.

ಪ್ರಶ್ನೆ: ಹೋದ ವರ್ಷ ಮನಾಲಿ ಮೇಲೆ ತೆಗೆದ ಹಿಮದ ಫೋಟೋ ಎಲ್ಲಾ ಸಿಮೆಂಟ್ ಬಣ್ಣದಲ್ಲಿ ಬಂದಿವೆ. ಕಣ್ಣಿಗೆ ಹಾಲಿನ ಹಾಗಿತ್ತು. ಕ್ಯಾಮೆರಾ ಕೆಟ್ಟಿದೆಯಾ?
— ಪಿಯು ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಕೆಟ್ಟಿಲ್ಲ. ಕ್ಯಾಮೆರಾಗೆ ಜಗತ್ತೆಲ್ಲ ಬೂದುಬಣ್ಣ ಅನ್ನುವ ನಂಬಿಕೆ. ಎದುರಿಗೆ ಏನೇ ಇದ್ದರೂ ಅದನ್ನು ನಡುಮಧ್ಯದ ಬೂದಿಗೆ ತಂದು ನಿಲ್ಲಿಸುತ್ತದೆ. ಪರೀಕ್ಷೆ ಮಾಡಬೇಕಾ? ತಂತಿ ಮೇಲೆ ಒಣಗಿಸಿದ ಬಿಳಿ ಪಂಚೆಯನ್ನು ಚೌಕಟ್ಟಿನ ತುಂಬ ತುಂಬಿಸಿ ಒಂದು ಫೋಟೋ ತೆಗೆಯಿರಿ. ಆಮೇಲೆ ಪಕ್ಕದ ಮನೆಯ ಎಮ್ಮೆಯ ಹೊಟ್ಟೆಯನ್ನೂ ಹಾಗೇ ತೆಗೆಯಿರಿ. ಪಂಚೆಯೂ ಬೂದಿ, ಎಮ್ಮೆಯೂ ಬೂದಿ. ಹಿಮಕ್ಕೂ ಇದೇ ಆಗಿದೆ.

ಪರಿಹಾರ ಸುಲಭ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನುವ ಪ್ಲಸ್-ಮೈನಸ್ ಗುಂಡಿಯನ್ನು ಪ್ಲಸ್ 1ರಿಂದ 1.7ರವರೆಗೆ ಏರಿಸಿ. ಎಮ್ಮೆಗಾದರೆ ಮೈನಸ್. ಹಿಮದ ಬಿಸಿಲಿನಲ್ಲಿ ಹಿಂದಿನ ಪರದೆ ನೋಡಿ ತೀರ್ಮಾನಿಸಬೇಡಿ, ಅದು ಮೋಸ. ಹಿಸ್ಟೋಗ್ರಾಮ್ ನೋಡಿ, ಅದು ಚಿತ್ರದಲ್ಲಿ ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಗುಡ್ಡದಾಕಾರದ ನಕ್ಷೆ. ಗುಡ್ಡ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ಡಿಕ್ಕಿ ಹೊಡೆದಿರಬಾರದು. ನೆರಳಿನಲ್ಲಿರುವ ಹಿಮ ನೀಲಿಯಾಗಿ ಕಂಡರೆ ಅದು ದೋಷ ಅಲ್ಲ, ಅಲ್ಲಿಗೆ ಬೆಳಕು ಬರುವುದೇ ನೀಲಿ ಆಕಾಶದಿಂದ. ಸುಮ್ನೆ ಬಿಟ್ಟುಬಿಡಿ, ಚಳಿ ಅನ್ನಿಸುವುದೇ ಆ ನೀಲಿಯಿಂದ. ಹಳೇ ಫೋಟೋಗಳು ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಕಚ್ಚಾ ಫೈಲ್) ಆಗಿದ್ದರೆ ಈಗಲೂ ಬೆಳಕು ಏರಿಸಿ ಉಳಿಸಿಕೊಳ್ಳಬಹುದು.

ಪ್ರಶ್ನೆ: ಪೋಲರೈಸರ್ ಫಿಲ್ಟರ್ ಇಲ್ಲದೆ ಬೆಟ್ಟಕ್ಕೆ ಹೋಗಲೇಬೇಡಿ ಅಂದರು ಅಂಗಡಿಯವರು. ವ್ಯಾಪಾರದ ಮಾತಾ?
— ಹರಿಹರದ ಓದುಗರು

ಉತ್ತರ: ವ್ಯಾಪಾರದ ಮಾತೇ, ಆದರೆ ಈ ಸಲ ನಿಜ. ನೀರಲ್ಲಿ ತೊಳೆದ ವೀಳ್ಯದೆಲೆ ನೋಡಿ, ಮೇಲೆ ಬಿಳಿ ಹೊಳಪು. ಎಲೆಯ ಬಣ್ಣ ಆ ಹೊಳಪಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಫಿಲ್ಟರ್ ತಿರುಗಿಸಿದರೆ ಹೊಳಪು ಅಳಿದು ಬಣ್ಣ ಎದ್ದುಬರುತ್ತದೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡುವುದು ಕಷ್ಟ, ಮುಚ್ಚಿದ್ದನ್ನು ತೆಗೆಯುವುದು ಹೇಗೆ, ಅಲ್ವಾ? ಒಂದೂವರೆ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ), ಹಾಗಾಗಿ ಕೈ ನಡುಗದಂತೆ ನೋಡಿಕೊಳ್ಳಿ. ಎತ್ತರದಲ್ಲಿ ಆಕಾಶ ಮೊದಲೇ ಗಾಢ ನೀಲಿ. ಪೂರ್ತಿ ತಿರುಗಿಸಿದರೆ ಕಪ್ಪಾಗುತ್ತದೆ, ಅಗಲದ ಲೆನ್ಸ್ ಹಾಕಿದ್ದರೆ ಒಂದು ಮೂಲೆ ಮಾತ್ರ ಕಪ್ಪಾಗಿ ವಿಕಾರ ಕಾಣುತ್ತದೆ. ಅರ್ಧ ತಿರುಗಿಸಿ ಸಾಕು. ಅಂದಹಾಗೆ, ದಾವಣಗೆರೆಯ ಕುಂದುವಾಡ ಕೆರೆಯ ನೀರಿನ ಮೇಲೆ ಒಂದು ಬೆಳಿಗ್ಗೆ ಅಭ್ಯಾಸ ಮಾಡಿ, ಎರಡೇ ನಿಮಿಷದಲ್ಲಿ ಅರ್ಥವಾಗುತ್ತದೆ.

ಪ್ರಶ್ನೆ: ಮಗಳು ಸ್ವಿಟ್ಜರ್ಲೆಂಡಿನಲ್ಲಿದ್ದಾಳೆ. ಅಕ್ಟೋಬರಿನಲ್ಲಿ ಬನ್ನಿ, ಪೈನ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ ಅನ್ನುತ್ತಾಳೆ. ಪೈನ್ ಎಲೆ ಉದುರಿಸುತ್ತದೆಯೇ? ಚಳಿಗೆ ಕ್ಯಾಮೆರಾ ತಡೆಯುತ್ತದೆಯೇ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಅಮ್ಮಾ, ಅದು ಪೈನ್ ಅಲ್ಲ, ಲಾರ್ಚ್. ನೋಡಲು ಪೈನ್ ಕುಟುಂಬದ್ದೇ, ಆದರೆ ಸೂಜಿ ಎಲೆಗಳನ್ನು ಹಳದಿ ಮಾಡಿ ಉದುರಿಸುವ ಮರ. ಎಂಗಡೀನ್ ಕಣಿವೆ ಇದಕ್ಕೇ ಹೆಸರುವಾಸಿ. ಅಲ್ಲಿ ಆಗ ಬೆಳಗಾಗುವುದೇ ಏಳೂವರೆ ಹೊತ್ತಿಗೆ, ಹಾಗಾಗಿ ನಿದ್ದೆಗೆಟ್ಟು ಏಳಬೇಕಿಲ್ಲ. ಬಿಸಿಲು ಮೊದಲು ಶಿಖರಕ್ಕೆ ಬೀಳುತ್ತದೆ, ಕಣಿವೆ ಇನ್ನೂ ಕತ್ತಲೆ. ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ಹೋಗಬೇಡಿ, ಝೂಮ್ ಮಾಡಿ ಶಿಖರ ಮಾತ್ರ ತೆಗೆಯಿರಿ. ಬಿಸಿಲು ಇಳಿದು ಲಾರ್ಚ್ ಮುಟ್ಟಿದ ಮೇಲೆ ಮರಗಳು.

ಚಳಿಗೆ ಸೋಲುವುದು ಕ್ಯಾಮೆರಾ ಅಲ್ಲ, ಬ್ಯಾಟರಿ. ಹೆಚ್ಚಿನ ಬ್ಯಾಟರಿಯನ್ನು ಸ್ವೆಟರಿನ ಒಳಜೇಬಿನಲ್ಲಿ ಇಡಿ. ಸತ್ತಿತು ಅಂದುಕೊಂಡ ಬ್ಯಾಟರಿ ಮೈ ಬಿಸಿಗೆ ಸ್ವಲ್ಪ ಜೀವ ಹಿಡಿಯುತ್ತದೆ. ವಿಮಾನದಲ್ಲಿ ಅವು ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಇನ್ನೊಂದು ಅಪಾಯ ಮನೆಯೊಳಗೆ ಬಂದಾಗ. ಲೇಹ್‌ನಲ್ಲಿ ಒಮ್ಮೆ ನಾನು ಕೊರೆಯುವ ಚಳಿಯಿಂದ ನೇರ ಅಡುಗೆಮನೆಗೆ ನುಗ್ಗಿ, ಒಲೆ ಮುಂದೆ ಕೂತ ಅಜ್ಜಿಯ ಫೋಟೋ ತೆಗೆಯಲು ಕ್ಯಾಮೆರಾ ಎತ್ತಿದೆ. ಲೆನ್ಸ್ ಪೂರ್ತಿ ಬೆಳ್ಳಗೆ. ಒರೆಸಿದೆ, ಮತ್ತೆ ಬೆಳ್ಳಗೆ. ಒಳಗಿನ ಗಾಜಿಗೂ ಹಬೆ ಕೂತು ಅವತ್ತು ರಾತ್ರಿಯವರೆಗೂ ಹೋಗಲಿಲ್ಲ, ಅಜ್ಜಿ ನಕ್ಕಿದ್ದೇ ನಕ್ಕಿದ್ದು. ನೀವು ಬಾಗಿಲ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಒಳಗೆ ಬಂದ ಮೇಲೆ ಒಂದು ಗಂಟೆ ಮುಟ್ಟಬೇಡಿ. ಹಬೆ ಕವರಿನ ಹೊರಗೆ ಕೂರುತ್ತದೆ.

ಪ್ರಶ್ನೆ: ಕಾಶ್ಮೀರಕ್ಕೆ ಹೋಗುವಷ್ಟು ದುಡ್ಡಿಲ್ಲ. ನಮ್ಮ ಕಡೆ ಕೆಂಪು ಎಲೆ ಸಿಗೋದೇ ಇಲ್ವಾ?
— ಡಿಗ್ರಿ ವಿದ್ಯಾರ್ಥಿ, ಹೊಳಲ್ಕೆರೆ

ಉತ್ತರ: ಸಿಗುತ್ತದೆ, ತಿಂಗಳು ಬೇರೆ ಅಷ್ಟೇ. ನಮ್ಮಲ್ಲಿ ಎಲೆ ಉದುರುವುದು ಶರತ್ತಿನಲ್ಲಿ ಅಲ್ಲ, ಶಿಶಿರದಲ್ಲಿ. ಜನವರಿ ಹೊತ್ತಿಗೆ ನಿಮ್ಮ ಕಾಲೇಜಿನ ಆವರಣದಲ್ಲೋ ಬಸ್‌ಸ್ಟ್ಯಾಂಡ್ ಪಕ್ಕವೋ ಒಂದು ಕಾಡುಬಾದಾಮಿ ಮರ ಹುಡುಕಿ. ಅದರ ಅಗಲ ಎಲೆ ಉದುರುವ ಮುಂಚೆ ಅಪ್ಪಟ ಕೆಂಪಾಗುತ್ತದೆ, ಚಿನಾರ್‌ಗೆ ಸೆಡ್ಡು ಹೊಡೆಯುವಷ್ಟು. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಅಲ್ಲ, ಮುತ್ತುಗದ ಹೂವು. ಯುಗಾದಿಗೆ ಮುಂಚೆ ಅರಳಿಯ ಚಿಗುರು ತಾಮ್ರದ ಬಣ್ಣ, ಬೇವಿನ ಎಳೆಚಿಗುರೂ ಕೆಂಪು, ಹಿಂದಿನಿಂದ ಬಿಸಿಲು ಬಿದ್ದರೆ ಕೇಳಲೇಬೇಡಿ. ಬೆಟ್ಟವೂ ಬೇಕು ಅಂದರೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಇದೆ, ಅರಣ್ಯ ಇಲಾಖೆಯವರ ಹತ್ತಿರ ಸಮಯ ಕೇಳಿಕೊಂಡು ಹೋಗಿ. ಬೆಳಿಗ್ಗೆ ಕಣಿವೆಯಲ್ಲಿ ಮಂಜು ನಿಂತಿದ್ದರೆ ಉದ್ದದ ಲೆನ್ಸ್ ಹಾಕಿ ಸಾಲು ಸಾಲು ಗುಡ್ಡಗಳನ್ನು ಒಂದರ ಹಿಂದೊಂದು ಹಿಡಿಯಿರಿ. ಗಾಳಿಯಂತ್ರಗಳು ಅಡ್ಡ ಬರುತ್ತವೆ ಅಂತ ಹಲವರು ಗೊಣಗುತ್ತಾರೆ. ನನಗೇನೋ ಅವಿದ್ದರೇ ಇದು ದುರ್ಗ ಅಂತ ಗೊತ್ತಾಗುತ್ತದೆ. ತೆಗೆದ ಮೇಲೆ ಒಂದೆರಡು ನಮಗೂ ಕಳಿಸಿ, ಕಾಡುಬಾದಾಮಿಯದ್ದು ಮೊದಲು.